ಹೋಂಸ್ಟೇ ಚೆನ್ನಾಗಿದೆ, ಊರು ಹೇಗಿದೆ?

2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಯ ಕಡೆಗೆ ಹೋಗುವ ಪ್ರವಾಸಿ ವಾಹನಗಳಿಗೆ ಚಿಕ್ಕಮಗಳೂರು ಜಿಲ್ಲಾಡಳಿತವು ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಿ, ಬೆಳಗಿನ ಪಾಳಿಗೆ 600, ಮಧ್ಯಾಹ್ನದ ಪಾಳಿಗೆ 600 ವಾಹನಗಳೆಂದು ಮಿತಿ ಹಾಕಿತು. ವಾರಾಂತ್ಯ ಬಂತೆಂದರೆ ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಗಿರಿಯ ತಿರುವುಗಳಲ್ಲಿ ಕಾರುಗಳು ಹಿಂದಕ್ಕೂ ಬರಲಾಗದೆ ಮುಂದಕ್ಕೂ ಹೋಗಲಾಗದೆ ನಿಲ್ಲುತ್ತಿದ್ದುದನ್ನು ಕಂಡವರು ಯಾರೂ ಈ ಕ್ರಮವನ್ನು ಅನಗತ್ಯ ಎನ್ನಲಾರರು. ಆದರೆ ದಿನಕ್ಕೆ 1,200 ಎಂಬ ಈ ಲೆಕ್ಕ ರಸ್ತೆಯ ಅಗಲಕ್ಕೆ ಮತ್ತು ವಾಹನ ನಿಲ್ಲಿಸುವ ಜಾಗಕ್ಕೆ ಸಂಬಂಧಿಸಿದ್ದು. ಆ ವಾಹನಗಳಲ್ಲಿ ಬಂದವರು ರಾತ್ರಿ ಎಲ್ಲಿ ಉಳಿಯುತ್ತಾರೆ, ಯಾವ ಹಳ್ಳದ ನೀರಿನಲ್ಲಿ ಸ್ನಾನ ಮಾಡುತ್ತಾರೆ, ಅವರು ಬಿಟ್ಟುಹೋದ ಬಾಟಲಿಗಳನ್ನು ಯಾವ ಪಂಚಾಯಿತಿಯ ಗಾಡಿ ಹೊತ್ತೊಯ್ಯುತ್ತದೆ ಎಂಬುದು ಅದರೊಳಗೆ ಬರುವುದಿಲ್ಲ.

ಗ್ರಾಮೀಣ ಪ್ರವಾಸೋದ್ಯಮದ ಗುಣಮಟ್ಟ ಮತ್ತು ಸುಸ್ಥಿರತೆಯ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯ ತೊಡಕು ಇಲ್ಲೇ ಇದೆ. ಗುಣಮಟ್ಟವನ್ನು ಕೋಣೆಯಲ್ಲಿ ಪರೀಕ್ಷಿಸುತ್ತೇವೆ, ಜನದಟ್ಟಣೆಯನ್ನು ಗೇಟಿನಲ್ಲಿ ತಡೆಯುತ್ತೇವೆ. ಇವೆರಡರ ನಡುವೆ ಇರುವ ಊರಿನ ಕೆರೆ, ಹಳ್ಳ, ಕಚ್ಚಾ ರಸ್ತೆ, ಕಸದ ಜಾಗ, ರಾತ್ರಿಯ ನೆಮ್ಮದಿ, ಇವೆಲ್ಲವನ್ನೂ ಒಟ್ಟಾಗಿ ನೋಡಿಕೊಳ್ಳುವ ಹೊಣೆ ಯಾರದೂ ಅಲ್ಲ ಎಂಬಂತಾಗಿದೆ. ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಯನ್ನು ನೋಂದಾಯಿಸುತ್ತದೆ, ಅರಣ್ಯ ಇಲಾಖೆ ಚಾರಣದ ಟಿಕೆಟ್ ಕೊಡುತ್ತದೆ, ಪೊಲೀಸರು ಅತಿಥಿಗಳ ರಿಜಿಸ್ಟರ್ ನೋಡುತ್ತಾರೆ, ಆಹಾರ ಸುರಕ್ಷತೆಗೆ ಮತ್ತೊಂದು ನೋಂದಣಿ ಇದೆ. ಪ್ರತಿಯೊಬ್ಬರ ಕಡತವೂ ಪ್ರತ್ಯೇಕವಾಗಿ ಸರಿಯಾಗಿದ್ದು, ಊರು ಮಾತ್ರ ಹದಗೆಡುತ್ತಾ ಹೋಗುವುದು ಸಾಧ್ಯ.

ಮಲೆನಾಡಿನ ಹೋಂಸ್ಟೇಗಳು ಹುಟ್ಟಿದ ಸಂದರ್ಭವನ್ನು ಮರೆತರೆ ಈ ವಿಷಯ ಅರ್ಥವಾಗುವುದಿಲ್ಲ. 1999ರ ನಂತರದ ನಾಲ್ಕೈದು ವರ್ಷ ಜಾಗತಿಕ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ, ಬಿಳಿ ಕಾಂಡಕೊರಕ ಹುಳುವಿನಿಂದ ಅರೇಬಿಕಾ ಕಾಫಿ ತೋಟಗಳು ಸೊರಗುತ್ತಿದ್ದಾಗ, ಕೂಲಿ ಕೊಡಲೂ ಪರದಾಡುತ್ತಿದ್ದ ಬೆಳೆಗಾರರಿಗೆ ಹಳೆಯ ಬಂಗಲೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ತೆರೆಯುವುದು ಬದುಕುಳಿಯುವ ಒಂದು ದಾರಿಯಾಗಿ ಕಂಡಿತು. ಬಂದವರು ಮನೆಯವರೊಂದಿಗೆ ಕುಳಿತು ಅಕ್ಕಿ ರೊಟ್ಟಿ, ಕಡುಬು, ಮಳೆಗಾಲವಾದರೆ ಕಳಲೆ ಪಲ್ಯ ತಿಂದು, ಕಣದಲ್ಲಿ ಒಣಗುತ್ತಿದ್ದ ಚೆರಿ ಕಾಫಿಯ ವಾಸನೆ ಕುಡಿದು ಹೋಗುತ್ತಿದ್ದರು. ತೋಟ ಮುಖ್ಯ, ಅತಿಥಿ ಪೂರಕ ಎಂಬ ಕ್ರಮ ಅದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯೂ ಇದೇ ಕಲ್ಪನೆಯ ಮೇಲೆ ನಿಂತಿದೆ: ಕನಿಷ್ಠ ಒಂದು, ಗರಿಷ್ಠ ಆರು ಕೋಣೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ವರ್ಗೀಕರಣ ಬೆಳ್ಳಿ ಅಥವಾ ಚಿನ್ನ.

ಇಂದು ಮೂಡಿಗೆರೆ, ಸಕಲೇಶಪುರ, ಕಳಸದ ಸುತ್ತ ಹೋಂಸ್ಟೇ ಎಂಬ ಫಲಕ ಹೊತ್ತ ಕಟ್ಟಡಗಳಲ್ಲಿ ಎಷ್ಟರಲ್ಲಿ ಮನೆಯವರು ವಾಸವಿದ್ದಾರೆ ಎಂದು ಕೇಳಿಕೊಂಡರೆ ಬದಲಾವಣೆ ಗೊತ್ತಾಗುತ್ತದೆ. ಮಾಲೀಕರು ಬೆಂಗಳೂರಿನಲ್ಲಿದ್ದು, ಲೀಸಿಗೆ ಹಿಡಿದವರು ನಡೆಸುವ, ಒಬ್ಬ ಮ್ಯಾನೇಜರ್ ಮತ್ತು ಇಬ್ಬರು ಹುಡುಗರ ಮೇಲೆ ಬಿಟ್ಟಿರುವ ವಸತಿಗಳು ಹೆಚ್ಚಿವೆ. ಅಲ್ಲಿ ತೋಟ ಹಿನ್ನೆಲೆಯ ಚಿತ್ರವಾಗಿದೆ. ಮನೆಯಲ್ಲಿ ಮನೆಯವರಿದ್ದರೆ ಹಲವು ನಿಯಮಗಳು ಕಾಗದವಿಲ್ಲದೆಯೇ ಜಾರಿಯಾಗುತ್ತವೆ. ರಾತ್ರಿ ಹನ್ನೊಂದರ ಮೇಲೆ ಸ್ಪೀಕರ್ ಹಾಕಿದರೆ ಮನೆಯ ಅಜ್ಜಿಗೆ ನಿದ್ದೆ ಬರುವುದಿಲ್ಲ, ಬಾವಿ ಕೆಟ್ಟರೆ ಅವರದೇ ಅಡುಗೆ ಕೆಡುತ್ತದೆ, ಪಕ್ಕದ ತೋಟದವರು ಮುನಿಸಿಕೊಂಡರೆ ನಾಳೆ ಆಳು ಸಿಗುವುದಿಲ್ಲ. ಮಾಲೀಕರು ಅಲ್ಲೇ ವಾಸವಿರಬೇಕೆಂಬ ಒಂದೇ ಷರತ್ತನ್ನು ಪ್ರಾಮಾಣಿಕವಾಗಿ ಪರಿಶೀಲಿಸಿದ್ದರೆ, ಆಮೇಲೆ ಹೊರಡಿಸಬೇಕಾಗಿ ಬಂದ ಎಷ್ಟೋ ಸುತ್ತೋಲೆಗಳ ಅಗತ್ಯವೇ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ಮಲೆನಾಡಿನಲ್ಲಿ ಮಿತಿ ಎಂಬುದು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಜಲಜೀವನ್ ಮಿಷನ್‌ನಲ್ಲಿ ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಮಾನದಂಡವಿದೆ. ಹೋಟೆಲ್ ಅತಿಥಿಯೊಬ್ಬರಿಗೆ ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಲೆಕ್ಕ ಹಿಡಿಯುವುದು 180 ಲೀಟರ್. ನಾನೂರು ಜನರಿರುವ ಒಂದು ಊರನ್ನು ಊಹಿಸಿಕೊಳ್ಳಿ. ಅದರ ದಿನದ ಬೇಡಿಕೆ 22,000 ಲೀಟರ್. ಅಲ್ಲಿ ತಲಾ ಐದು ಕೋಣೆಗಳ ಹತ್ತು ಹೋಂಸ್ಟೇಗಳಿದ್ದು ಶನಿವಾರ ಎಲ್ಲವೂ ತುಂಬಿದರೆ ನೂರು ಅತಿಥಿಗಳಿಗೆ 18,000 ಲೀಟರ್ ಬೇಕು. ಅಂದರೆ ಊರಿನ ಜನಸಂಖ್ಯೆ ಕಾಲುಭಾಗದಷ್ಟು ಹೆಚ್ಚಿದರೆ ನೀರಿನ ಬೇಡಿಕೆ ಶೇ 80ಕ್ಕೂ ಹೆಚ್ಚು ಏರುತ್ತದೆ. ಇದರಲ್ಲಿ ಈಜುಕೊಳವನ್ನು ಸೇರಿಸಿಲ್ಲ. ಹತ್ತರಲ್ಲಿ ಒಂದೊಂದು ಹೋಂಸ್ಟೇಯನ್ನೂ ಬೇರೆಬೇರೆಯಾಗಿ ನೋಡಿದರೆ ಎಲ್ಲವೂ ನಿಯಮಬದ್ಧ, ಎಲ್ಲವೂ ಚಿಕ್ಕವು.

ಮಳೆನಾಡಿಗೆ ನೀರಿನ ಕೊರತೆಯೇ ಎಂದು ಬಯಲುಸೀಮೆಯವರು ಕೇಳಬಹುದು. ಕೊರತೆ ಕಾಣುವುದು ಕ್ಯಾಲೆಂಡರಿನಲ್ಲಿ. ಕಾಫಿ ಕೊಯ್ಲು ಮುಗಿದು ಫೆಬ್ರುವರಿ, ಮಾರ್ಚ್ ಬಂದಾಗ ರೊಬಸ್ಟಾ ಗಿಡದ ಮೊಗ್ಗು ಅರಳಲು ಹೂಮಳೆ ಬೇಕು. ಅದು ಸಕಾಲಕ್ಕೆ ಬಾರದಿದ್ದರೆ ಬೆಳೆಗಾರರು ಕೆರೆ, ಹಳ್ಳಗಳಿಂದ ಪಂಪು ಇಟ್ಟು ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ವರ್ಷದಲ್ಲಿ ಹಳ್ಳ ಅತಿ ತೆಳುವಾಗಿ ಹರಿಯುವ ವಾರಗಳೂ ಅವೇ. ಅದರ ಬೆನ್ನಿಗೇ ಬೇಸಿಗೆ ರಜೆ ಶುರುವಾಗಿ ತಂಪು ಹುಡುಕಿಕೊಂಡು ಬರುವವರ ಸಾಲು ಹತ್ತುತ್ತದೆ. ಹೀಗೆ ಬೆಳೆಗಾರರ ಹೂವಿನ ನೀರು, ತೋಟದ ಕಾರ್ಮಿಕರ ಲೈನ್ ಮನೆಗಳ ಕುಡಿಯುವ ನೀರು, ಅತಿಥಿಯ ಶವರ್ ನೀರು ಮೂರೂ ಒಂದೇ ಹಳ್ಳದ ಮೇಲೆ ಬೀಳುತ್ತವೆ. ಹೇಮಾವತಿ, ಯಗಚಿ, ವೇದಾವತಿಯಂಥ ನದಿಗಳ ನೆತ್ತಿ ಇರುವುದೂ ಈ ಬೆಟ್ಟಸಾಲುಗಳಲ್ಲೇ. ಬೆಟ್ಟದ ಮಡಿಲಿನ ದಟ್ಟವಾದ ಶೋಲಾ ಕಾಡು ಮತ್ತು ಅದನ್ನು ಸುತ್ತುವರಿದ ಹುಲ್ಲುಗಾವಲು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೆ ನಿಧಾನವಾಗಿ ಬಿಡುತ್ತವೆ. ಆಫ್‌ರೋಡ್ ಸಾಹಸವೆಂದು ಆ ಹುಲ್ಲಿನ ಮೇಲೆ ಜೀಪು, ಬೈಕು ಓಡಿಸಿದಾಗ ಕಿತ್ತುಬಂದ ಚಕ್ರದ ಜಾಡು ಮುಂದಿನ ಮಳೆಯಲ್ಲಿ ಕೊರಕಲಾಗುತ್ತದೆ, ಅದರಲ್ಲಿ ಹರಿದ ನೀರು ಇಂಗದೆ ಓಡಿಹೋಗುತ್ತದೆ.

ಬಂದ ನೀರು ಹೋಗುವುದೆಲ್ಲಿಗೆ ಎಂಬುದು ಇನ್ನೂ ಕಡಿಮೆ ಚರ್ಚೆಯಾಗುವ ವಿಷಯ. ಆರು ಜನರ ಕುಟುಂಬಕ್ಕೆಂದು ತೋಡಿದ ಶೌಚಗುಂಡಿಗೆ ಈಗ ವಾರಾಂತ್ಯದಲ್ಲಿ ಹದಿನೈದು, ಇಪ್ಪತ್ತು ಜನರ ಹೊರೆ ಬೀಳುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡಿನ ನೆಲ ತುಂಬಿಕೊಂಡಾಗ ಇಂಗುಗುಂಡಿ ನೀರನ್ನು ಒಳಗೆ ಎಳೆದುಕೊಳ್ಳುವ ಬದಲು ಸುತ್ತಲಿನ ನೀರೇ ಅದರೊಳಗೆ ನುಗ್ಗುತ್ತದೆ. ಗುಂಡಿ ತುಂಬಿ ಇಳಿಜಾರಿನಲ್ಲಿ ಒಸರಿದ್ದು ಕೆಳಗಿನ ತೆರೆದ ಬಾವಿಗೋ ಗದ್ದೆಗೋ ಸೇರುತ್ತದೆ. ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಯಂತ್ರದ ಲಾರಿ ಬರಬೇಕಾದರೆ ಪಟ್ಟಣದಿಂದ ಬರಬೇಕು, ತೋಟದ ರಸ್ತೆಯಲ್ಲಿ ಅದು ಇಳಿಯಬೇಕು, ತುಂಬಿಕೊಂಡಿದ್ದನ್ನು ಸಂಸ್ಕರಣಾ ಘಟಕಕ್ಕೆ ಒಯ್ಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಯಾವುದೋ ತಿರುವಿನ ಕೆಳಗೆ ಸುರಿಯಲ್ಪಡುತ್ತದೆ. ಕೋಣೆ ಎಷ್ಟೇ ಶುಭ್ರವಾಗಿದ್ದರೂ ಅತಿಥಿಯ ಕಣ್ಣಿಗೆ ಇದು ಬೀಳುವುದಿಲ್ಲ, ಆದ್ದರಿಂದ ಅವರು ಕೊಡುವ ಅಂಕದಲ್ಲೂ ಇದು ಸೇರುವುದಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸ್ವಚ್ಛತಾ ಗ್ರೀನ್ ಲೀಫ್ ರೇಟಿಂಗ್ ಈ ಕೊರತೆಯನ್ನು ತುಂಬಲು ಬಂದದ್ದು. ಜಲಶಕ್ತಿ ಸಚಿವಾಲಯದ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯು ಪ್ರವಾಸೋದ್ಯಮ ಸಚಿವಾಲಯದ ಜೊತೆಗೂಡಿ ರೂಪಿಸಿದ ಈ ಪದ್ಧತಿಯಲ್ಲಿ ಒಟ್ಟು 200 ಅಂಕಗಳು. ಘನತ್ಯಾಜ್ಯಕ್ಕೆ 80, ಮಲತ್ಯಾಜ್ಯಕ್ಕೆ 80, ಬೂದುನೀರಿಗೆ 40. ಸ್ನಾನ, ಅಡುಗೆಮನೆಯ ನೀರನ್ನು ಎಲ್ಲಿ ಬಿಡುತ್ತೀರಿ ಎಂದು ಹೋಂಸ್ಟೇಯೊಂದನ್ನು ಅಧಿಕೃತವಾಗಿ ಕೇಳುವ ಪದ್ಧತಿ ಇದೆ ಎಂಬುದೇ ದೊಡ್ಡ ಸಂಗತಿ. ಆದರೆ ಇದು ಸ್ವಯಂಪ್ರೇರಿತ. ಬುಕಿಂಗ್ ಆ್ಯಪ್‌ಗಳಲ್ಲಿ ಎಲೆಯ ಗುರುತಿಗಿಂತ ನಕ್ಷತ್ರದ ಗುರುತು ಮುಂದೆ ಕಾಣುತ್ತದೆ, ಮತ್ತು ನಕ್ಷತ್ರ ಸಿಗುವುದು ಈಜುಕೊಳಕ್ಕೆ, ಕ್ಯಾಂಪ್‌ಫೈರಿಗೆ, ರೇನ್ ಡಾನ್ಸಿಗೆ. ಹೀಗಿರುವಾಗ ಬೂದುನೀರಿನ ಶೋಧಕಕ್ಕೆ ಹಣ ಹಾಕಿದವರು ಅದೇ ಹಣವನ್ನು ಸ್ಪೀಕರಿಗೆ ಹಾಕಿದವರ ಎದುರು ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತಾರೆ.

ಹಾಗೆಂದು ಕೋಣೆಯ ಗುಣಮಟ್ಟ ಮುಖ್ಯವಲ್ಲವೆಂದು ಹೇಳುತ್ತಿಲ್ಲ. ಗಾಳಿಯಾಡದ ಬಚ್ಚಲುಮನೆಯೊಳಗೇ ಕೂರಿಸಿದ ಗ್ಯಾಸ್ ಗೀಸರ್ ಒಂದೇ ಸಾಕು. ಬಾಗಿಲು ಮುಚ್ಚಿ ಸ್ನಾನಕ್ಕೆ ನಿಂತವರಿಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯ ತರುತ್ತದೆ. ಗೀಸರನ್ನು ಹೊರಗೋಡೆಗೆ ಹಾಕಿಸುವ ಖರ್ಚು ಒಂದು ವಾರಾಂತ್ಯದ ಬಾಡಿಗೆಗೆ ಸಮನಾಗದು. ತಪಾಸಣೆಗೆ ಬಂದವರು ಹಾಸಿಗೆಯ ಹೊದಿಕೆ ನೋಡುವುದಕ್ಕೆ ಮೊದಲು ಬಚ್ಚಲುಮನೆಯ ಕಿಟಕಿ ನೋಡಬೇಕು.

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಗುಣಮಟ್ಟದ ಮಾತಿಗೆ ಇನ್ನೊಂದು ಆಯಾಮವಿದೆ, ಅದು ಕಾಡಾನೆ. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತದ್ದು ನಾಡಿಗೆಲ್ಲ ಗೊತ್ತು. ತೋಟದ ಕಾರ್ಮಿಕರು ಮತ್ತು ಬೆಳೆಗಾರರು ಸಾಯುವುದು ಅಷ್ಟು ದೂರ ಕೇಳಿಸುವುದಿಲ್ಲ. ಇಂಥ ಕಡೆ ಸಂಜೆಯ ನಂತರ ತೋಟದಲ್ಲಿ ನಡೆದಾಡಬಾರದು ಎಂಬುದು ಸ್ಥಳೀಯರಿಗೆ ಹೇಳಬೇಕಿಲ್ಲದ ಮಾತು, ಅತಿಥಿಗೆ ಮಾತ್ರ ಅದು ಹೊಸದು. ಅಡುಗೆಮನೆಯ ಎಂಜಲು, ಹಲಸಿನ ತೊಳೆ, ಬಾಳೆಹಣ್ಣಿನ ಸಿಪ್ಪೆಯನ್ನು ತೆರೆದ ಗುಂಡಿಗೆ ಹಾಕುವ ವಸತಿಯು ತನ್ನ ಅತಿಥಿಯನ್ನಷ್ಟೇ ಅಲ್ಲ, ಮರುದಿನ ಬೆಳಗ್ಗೆ ಅದೇ ದಾರಿಯಲ್ಲಿ ಕೆಲಸಕ್ಕೆ ಬರುವ ಹೆಂಗಸರನ್ನೂ ಅಪಾಯಕ್ಕೆ ಒಡ್ಡುತ್ತದೆ. ಅರಣ್ಯ ಇಲಾಖೆ ಆನೆಗಳ ಚಲನವಲನದ ಬಗ್ಗೆ ಮೊಬೈಲ್ ಸಂದೇಶ ಕಳುಹಿಸುವ ವ್ಯವಸ್ಥೆಯಲ್ಲಿ ಆಯಾ ಭಾಗದ ಪ್ರತಿ ವಸತಿಯೂ ಸೇರಿರಬೇಕು ಎಂಬುದನ್ನು ನೋಂದಣಿಯ ಷರತ್ತಾಗಿಸಲು ಹೊಸ ಕಾನೂನು ಬೇಕಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಬದಿಗೆ ಹೋದರೆ ಸಮಸ್ಯೆ ತಲೆಕೆಳಗಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಿಂದ ದೂರವೇನಿಲ್ಲದ ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ, ಹಾರನಹಳ್ಳಿ, ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿ, ಅಮೃತಾಪುರ ಇವೆಲ್ಲ ಅಪೂರ್ವ ದೇಗುಲಗಳಿರುವ ಹಳ್ಳಿಗಳು. ಅಲ್ಲಿಗೆ ಬರುವವರು ಕಡಿಮೆ. ಬಂದವರೂ ಕಾರಿನಿಂದಿಳಿದು ಫೋಟೊ ತೆಗೆದು ಊರಿನಲ್ಲಿ ಒಂದು ಲೋಟ ಕಾಫಿ ಕುಡಿಯುವುದಕ್ಕೂ ಆಸ್ಪದವಿಲ್ಲದೆ ಹೊರಟುಹೋಗುತ್ತಾರೆ. 1113ರ ಕಾಲದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ 2020ರ ನವೆಂಬರ್‌ನಲ್ಲಿ ಕಾಳಿಯ ವಿಗ್ರಹ ಭಗ್ನವಾಗಿ ಕಂಡುಬಂದಾಗ ಕಾವಲಿನ ಪ್ರಶ್ನೆ ಎದ್ದಿತ್ತು. ಗುಡಿಯಿಂದ ಊರಿಗೆ ನಾಲ್ಕು ಕಾಸು ಬರುವಂತಿದ್ದರೆ ಊರಿನ ಕಣ್ಣು ಗುಡಿಯ ಮೇಲೆ ಸದಾ ಇರುತ್ತದೆ. ಒಂದು ಕಡೆ ಹೊರಲಾರದಷ್ಟು ಜನ, ಒಂದೆರಡು ಗಂಟೆಯ ದಾರಿಯಲ್ಲಿ ಜನರನ್ನೇ ಕಾಣದ ಹಳ್ಳಿ. ಎರಡು ಜಿಲ್ಲೆಗಳು ಕೂತು ಒಂದೇ ಯೋಜನೆ ಮಾಡಿದರೆ ಒಂದರ ಹೊರೆ ಇಳಿಸಿ ಇನ್ನೊಂದಕ್ಕೆ ಆದಾಯ ಕೊಡಬಹುದು. ಆದರೆ ಗಿರಿಗೆ ಹೊರಟವರು ಗುಡಿಗೆ ತಿರುಗುತ್ತಾರೆಂದು ನಂಬುವುದೂ ಅತಿಯಾದೀತು. ಇಬ್ಬರ ಹಂಬಲವೂ ಬೇರೆ.

ಮಿತಿ ಹಾಕುವ ಕ್ರಮಗಳಿಗೆ ಮರಳಿದರೆ, 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ನಂತರ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು. ಅದೇ ವರ್ಷದ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ, ಕೊಡೈಕನಾಲ್‌ಗೆ ಇ-ಪಾಸ್ ಬಂತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಒಂದು ಬಾಗಿಲು ಕಿರಿದಾದರೆ ಜನ ಪಕ್ಕದ ಬಾಗಿಲು ಹುಡುಕುತ್ತಾರೆ. ಮುಳ್ಳಯ್ಯನಗಿರಿಯ ಪಾಸ್ ಸಿಗದವರು ವಾಪಸು ಬೆಂಗಳೂರಿಗೆ ಹೋಗುವುದಿಲ್ಲ. ದೇವರಮನೆ, ರಾಣಿಝರಿ, ಎತ್ತಿನಭುಜದ ಕಡೆ ಹೊರಡುತ್ತಾರೆ. ಅಲ್ಲಿನ ರಸ್ತೆ ಇನ್ನೂ ಕಿರಿದು, ಕಸದ ಗಾಡಿ ಇನ್ನೂ ಅಪರೂಪ. ಆದ್ದರಿಂದ ಮಿತಿಯನ್ನು ಸ್ಥಳಕ್ಕೆ ಹಾಕುವ ಬದಲು ಕಣಿವೆಗೆ ಹಾಕಬೇಕು, ಮತ್ತು ಅದು ಆ ಕಣಿವೆಯಲ್ಲಿ ಮೊದಲು ಮುಗಿಯುವ ಸಂಪನ್ಮೂಲ ಯಾವುದೋ ಅದನ್ನು ಆಧರಿಸಿರಬೇಕು. ಒಂದು ಕಡೆ ಅದು ಪಾರ್ಕಿಂಗ್ ಆಗಿರಬಹುದು, ಇನ್ನೊಂದು ಕಡೆ ಮಾರ್ಚ್ ತಿಂಗಳ ನೀರು, ಮತ್ತೊಂದು ಕಡೆ ಜುಲೈ ತಿಂಗಳಲ್ಲಿ ಕುಸಿಯುವ ಧರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ಮೇಲೂ ಇಳಿಜಾರು ಕಡಿದು ಕಾಟೇಜ್ ಕಟ್ಟಲು ಅನುಮತಿ ಕೇಳುವವರಿದ್ದಾರೆ ಎಂಬುದು ಅಚ್ಚರಿಯ ಮಾತು.

ಇದಕ್ಕೆಲ್ಲ ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯೇ ಉತ್ತರ ಎನ್ನುವವರೂ, ಅದೇ ಗಂಡಾಂತರ ಎನ್ನುವವರೂ ಮಲೆನಾಡಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ಆ ವರದಿಯ ಆಧಾರದ ಮೇಲೆ 2024ರ ಜುಲೈ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಆರನೇ ಕರಡು ಅಧಿಸೂಚನೆಯನ್ನು ಓದಿದರೆ ಎರಡೂ ಗುಂಪಿನವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಅದು ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳನ್ನು. ಐದು ಕೋಣೆಗಳ ಹೋಂಸ್ಟೇ ಆ ಬಲೆಯ ಕಣ್ಣಿಗಿಂತ ಎಷ್ಟೋ ಚಿಕ್ಕದು. ಕರ್ನಾಟಕ ಸರ್ಕಾರ ಆ ಸೆಪ್ಟೆಂಬರ್‌ನಲ್ಲಿ ವರದಿಯನ್ನು ತಿರಸ್ಕರಿಸಿತು. ಒಪ್ಪಿಕೊಂಡಿದ್ದರೂ ಒಂದು ಕಣಿವೆಯಲ್ಲಿ ಎಷ್ಟು ಹೋಂಸ್ಟೇ ಇರಬಹುದು ಎಂಬ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ದೊಡ್ಡದನ್ನು ತಡೆಯುವ ಕಾನೂನಿನ ಬಗ್ಗೆ ಹತ್ತು ವರ್ಷ ಜಗಳವಾಡುವಾಗ ಚಿಕ್ಕಚಿಕ್ಕವು ಸೇರಿ ದೊಡ್ಡದಾಗಿವೆ.

ಹಾಗಾದರೆ ಊರನ್ನು ನೋಡಿಕೊಳ್ಳುವವರು ಯಾರು? ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿಯು ಪ್ರವಾಸಿ ತಾಣಗಳಿಗಾಗಿ 2019ರಲ್ಲಿ ಪರಿಷ್ಕರಿಸಿದ ಮಾನದಂಡಗಳ ಮೊದಲ ಅಂಶವೇ ತಾಣದ ನಿರ್ವಹಣೆಗೆ ಹೊಣೆಗಾರ ಸಂಸ್ಥೆಯೊಂದು ಇರಬೇಕು ಎಂಬುದು; ಪರಿಸರ, ಸಂಸ್ಕೃತಿಯ ಮಾತು ಅದರ ನಂತರ ಬರುತ್ತದೆ. ನಮ್ಮ ಹಳ್ಳಿಗಳಿಗೆ ಹೊಸ ಪ್ರಾಧಿಕಾರವೊಂದನ್ನು ಹುಟ್ಟುಹಾಕುವ ಅಗತ್ಯ ನನಗೆ ಕಾಣುವುದಿಲ್ಲ, ಗ್ರಾಮ ಪಂಚಾಯಿತಿ ಇದೆ. ಕಟ್ಟಡಕ್ಕೆ ಪರವಾನಗಿ ಕೊಡುವುದೂ ತೆರಿಗೆ ವಸೂಲು ಮಾಡುವುದೂ ಅದೇ. ಜಾತ್ರೆ, ಉತ್ಸವಗಳಿಗೆ ಬರುವವರಿಗೆ ನೀರು, ನೈರ್ಮಲ್ಯದ ಏರ್ಪಾಡು ಮಾಡಿದಾಗ ಶುಲ್ಕ ಪಡೆಯುವ ಅವಕಾಶವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟಿದೆ. ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಊರಿಗೆ ಸಲ್ಲುವ ನ್ಯಾಯ ವಾರವಾರವೂ ಜಾತ್ರೆಯಾಗಿರುವ ಊರಿಗೆ ಸಲ್ಲಬಾರದೇಕೆ? ಚೆಕ್‌ಪೋಸ್ಟಿನಲ್ಲಿ, ಚಾರಣದ ಟಿಕೆಟಿನಲ್ಲಿ ಸಂಗ್ರಹವಾಗುವ ಹಣದ ಒಂದು ನಿಶ್ಚಿತ ಪಾಲು ಆಯಾ ಪಂಚಾಯಿತಿಯ ಖಾತೆಗೆ ನೇರವಾಗಿ ಬರುವಂತಾಗದ ಹೊರತು, ಕಸ ಎತ್ತುವವರು ಊರಿನವರು, ಶುಲ್ಕ ಎತ್ತುವವರು ಬೇರೆಯವರು ಎಂಬ ಸ್ಥಿತಿ ಮುಂದುವರಿಯುತ್ತದೆ.

ಆ ಕಸ ಎತ್ತುವವರ ಬಗ್ಗೆಯೂ ಹೇಳಬೇಕು. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಸ್ವಚ್ಛವಾಹಿನಿ ಗಾಡಿಯನ್ನು ಓಡಿಸುವವರು, ಕಸ ವಿಂಗಡಿಸುವವರು ಸಂಜೀವಿನಿ ಸ್ವಸಹಾಯ ಗುಂಪಿನ ಮಹಿಳೆಯರು. ಮನೆಮನೆಯ ಕಸಕ್ಕೆಂದು ಲೆಕ್ಕ ಹಾಕಿದ ಗಾಡಿ ಅದು. ಸೋಮವಾರ ಬೆಳಗ್ಗೆ ಅದರ ಮುಂದೆ ಬಿಯರ್ ಬಾಟಲಿ, ತಟ್ಟೆ, ಲೋಟ, ಅರೆಬರೆ ತಿಂದ ಬಿರಿಯಾನಿ ಪೊಟ್ಟಣಗಳ ಮೂಟೆ ಬಂದು ಕೂರುತ್ತದೆ. ಹೋಂಸ್ಟೇಯವರಿಂದ ಕೋಣೆಯ ಲೆಕ್ಕದಲ್ಲಿ ತಿಂಗಳ ಶುಲ್ಕ ಪಡೆದು ಸೋಮವಾರಕ್ಕೆ ಹೆಚ್ಚುವರಿ ಸುತ್ತು, ಹೆಚ್ಚುವರಿ ಕೂಲಿ ಕೊಡುವುದು ಪಂಚಾಯಿತಿಯ ಒಂದು ಠರಾವಿನಿಂದ ಆಗುವ ಕೆಲಸ.

ಊರೇ ಮುಂದೆ ನಿಂತರೆ ಏನಾಗಬಹುದು ಎಂಬುದಕ್ಕೆ ಕುದುರೆಮುಖದ ಆಚೆ ಬದಿಯಲ್ಲಿ ಒಂದು ಸೂಚನೆಯಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಉತ್ತಮ ಪ್ರವಾಸಿ ಗ್ರಾಮ ಸ್ಪರ್ಧೆಯಲ್ಲಿ 2024ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರು ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಆಯ್ಕೆಯಾಯಿತು. ಪ್ರಶಸ್ತಿಗಿಂತ ಮುಖ್ಯವಾದದ್ದು ಸ್ಪರ್ಧೆಯ ಘಟಕ. ಅಲ್ಲಿ ಅರ್ಜಿ ಹಾಕುವುದು, ಅಂಕ ಪಡೆಯುವುದು ಒಂದು ಹೋಟೆಲ್ ಅಲ್ಲ, ಒಂದು ಗ್ರಾಮ. ಪ್ರಶಸ್ತಿಯ ಮರುವರ್ಷ ಅಲ್ಲಿಗೂ ಜನ ನುಗ್ಗಿದರೆ ಮಿತಿ ಹೇಳುವ ಧೈರ್ಯ ಗ್ರಾಮಕ್ಕಿರುತ್ತದೆಯೇ ಎಂಬುದು ಮುಂದಿನ ಪರೀಕ್ಷೆ.

ಮಿತಿಯ ಮಾತೆತ್ತಿದಾಗ ಬರುವ ಆಕ್ಷೇಪ ಹಗುರವಾದದ್ದೇನಲ್ಲ. ಸಾಲ ಮಾಡಿ ಜೀಪು ಕೊಂಡ ಹುಡುಗರು, ರಸ್ತೆಬದಿಯಲ್ಲಿ ಜೋಳ ಸುಡುವವರು, ಎರಡು ಎಕರೆ ತೋಟದ ಜೊತೆ ಮೂರು ಕೋಣೆ ಕಟ್ಟಿಕೊಂಡ ಸಣ್ಣ ಬೆಳೆಗಾರರು, ಅಡುಗೆಯ ಕೈಗುಣದಿಂದ ಮೊದಲ ಬಾರಿಗೆ ಸ್ವಂತ ದುಡ್ಡು ಕಂಡ ಗೃಹಿಣಿಯರು, ಇವರ ಜೀವನ ಪ್ರವಾಸಿಗರ ಮೇಲೆ ನಿಂತಿದೆ. ಎಲ್ಲರಿಗೂ ಸಮಾನವಾಗಿ ಕತ್ತರಿ ಹಾಕಿದರೆ ಮೊದಲು ಮುಳುಗುವವರು ಇವರೇ, ಏಕೆಂದರೆ ದೊಡ್ಡ ರೆಸಾರ್ಟ್ ಎರಡು ತಿಂಗಳ ನಷ್ಟವನ್ನು ತಾಳಿಕೊಳ್ಳಬಲ್ಲದು. ಆದ್ದರಿಂದ ಕತ್ತರಿ ಎಲ್ಲಿಂದ ಶುರುವಾಗಬೇಕು ಎಂಬ ಕ್ರಮ ಸ್ಪಷ್ಟವಾಗಿರಬೇಕು: ನೋಂದಣಿಯಿಲ್ಲದ ವಸತಿಗಳು ಮೊದಲು, ಮಾಲೀಕರು ವಾಸವಿಲ್ಲದವು ಎರಡನೆಯದು, ಮನೆಯವರೇ ನಡೆಸುವ ಮೂರು ಕೋಣೆಯ ಹೋಂಸ್ಟೇ ಕಟ್ಟಕಡೆಗೆ. ನೋಂದಣಿ ನವೀಕರಣದ ಅರ್ಜಿಯ ಜೊತೆ ಶೌಚಗುಂಡಿ ಖಾಲಿ ಮಾಡಿಸಿದ ರಸೀದಿ, ಬಾವಿ ನೀರಿನ ಪರೀಕ್ಷಾ ವರದಿ, ಪಂಚಾಯಿತಿಗೆ ಕಸದ ಶುಲ್ಕ ಕಟ್ಟಿದ ಚೀಟಿ, ಈ ಮೂರು ಕಾಗದ ಕೇಳುವುದಕ್ಕೆ ವಿಧಾನಸೌಧದವರೆಗೆ ಹೋಗಬೇಕಾಗಿಲ್ಲ. ಜಿಲ್ಲಾ ಮಟ್ಟದ ಒಂದು ಸಭೆಯಲ್ಲಿ, ಹೋಂಸ್ಟೇ ಮಾಲೀಕರ ಸಂಘದವರನ್ನೂ ಪಂಚಾಯಿತಿ ಅಧ್ಯಕ್ಷರನ್ನೂ ಎದುರು ಕೂರಿಸಿಕೊಂಡು, ಮುಂದಿನ ಹೂಮಳೆಯ ಹಂಗಾಮಿಗೆ ಮೊದಲೇ ತೀರ್ಮಾನಿಸಬಹುದಾದ ವಿಷಯ ಇದು.